ಯಂತ್ರ ವಿಚಾರ: ಕಾಲು ಮೈಲಿಯ ಓಟಕ್ಕೆ ಕಟ್ಟಿದ ಹಳೆಯ ಕಾರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಗೃಹಸ್ಥರು ನಮ್ಮಲ್ಲಿ ಇರಲಾರರು. ಅಂದಾಜನ್ನು ಮೀರುವ ಖರ್ಚು, ಗಡುವನ್ನು ಮೀರುವ ಕಾಲ, ಕೈಯಿಟ್ಟ ಮೇಲೆ ಹಿಂದೆಗೆಯಲಾಗದ ಸಂಕಟ, ಈ ಮೂರೂ ಕೂಡಿಬರುವ ಕೆಲಸಗಳನ್ನು ಕುರಿತು ಹಿರಿಯರು ಆಡಿದ ಮಾತು ಅದು. ಅಮೆರಿಕಾ ಸಂಯುಕ್ತ ಸಂಸ್ಥಾನದ ಗೃಹಸ್ಥನು ಈ ಗಾದೆಗೆ ‘ಹಳೆಯ ಕಾರನ್ನು ಕಟ್ಟಿ ನೋಡು’ ಎಂಬ ಮೂರನೆಯ ಮಾತೊಂದನ್ನು ಸೇರಿಸಿಕೊಂಡರೆ ತಪ್ಪೇನೂ ಆಗದು. ಐವತ್ತು ಅರುವತ್ತು ವರ್ಷಗಳಷ್ಟು ಹಳೆಯದಾದ ಬಲಶಾಲಿ ಕಾರೊಂದನ್ನು ಕೊಂಡುತಂದು, ಬಿಡುವಿನ ವೇಳೆಯಲ್ಲಿ ಅದನ್ನು ಬಿಚ್ಚಿ ಜೋಡಿಸಿ, ಕಾಲು ಮೈಲಿಯ ವೇಗದ ಪಂದ್ಯಕ್ಕೆ ಸಿದ್ಧಪಡಿಸುವುದು ಅಲ್ಲಿಯ ಸಾಮಾನ್ಯ ಸಂಸಾರಿಗಳಿಗೂ ಇರುವ ಒಂದು ಹವ್ಯಾಸ. ಈ ತಿಂಗಳು ನಾವು ಆ ಕೆಲಸದ ಕ್ರಮವನ್ನು ವಾಚಕರ ಮುಂದಿಡಬೇಕೆಂದಿರುವೆವು. ಅಂತಹ ಕಾರು ನಮ್ಮ ವಾಚಕರಲ್ಲಿ ಬಹುಮಂದಿಗೆ ದೊರೆಯುವಂಥದಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ವೇಗದ ಹುಚ್ಚು ಹಿಡಿದ ಹರೆಯದ ಮಕ್ಕಳು ಯಾವ ದೇಶದ ಮನೆಯಲ್ಲಿ ಇಲ್ಲ? ಆ ಹುಚ್ಚನ್ನು ಶಿಸ್ತಿಗೆ ಒಳಪಡಿಸಿದ ಬಗೆಯನ್ನು ತಿಳಿಯುವುದು ಎಲ್ಲರಿಗೂ ಪ್ರಯೋಜನಕರವೇ ಸರಿ.

ಈ ಪಂದ್ಯಕ್ಕೆ ಡ್ರ್ಯಾಗ್ ರೇಸು ಎಂದು ಹೆಸರು. ಎರಡು ಕಾರುಗಳು ಒಂದರ ಪಕ್ಕದಲ್ಲೊಂದು ನಿಂತು, ದೀಪದ ಸನ್ನೆಯಾದೊಡನೆ ಹೊರಟು, ನೆಟ್ಟನೆಯ ದಾರಿಯಲ್ಲಿ ಕಾಲು ಮೈಲಿ, ಎಂದರೆ ೧,೩೨೦ ಅಡಿ ಅಥವಾ ಸುಮಾರು ೪೦೨ ಮೀಟರು, ಓಡತಕ್ಕದ್ದು. ತಿರುವಿಲ್ಲ, ಏರಿಳಿತವಿಲ್ಲ, ಸುತ್ತು ಬರುವುದಿಲ್ಲ. ಇದರ ಮೂಲವು ೧೯೩೦ರ ದಶಕದ ಕ್ಯಾಲಿಫೋರ್ನಿಯಾದಲ್ಲಿದೆ. ಆ ಕಾಲದ ತರುಣರು ತಮ್ಮ ಹಳೆಯ ಫೋರ್ಡ್ ಗಾಡಿಗಳನ್ನು ಮುರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಕೆರೆಗಳ ಬಯಲಿಗೆ ಒಯ್ದು ವೇಗವನ್ನು ಪರೀಕ್ಷಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಈ ಚಪಲವು ಬೀದಿಗಿಳಿಯಿತು. ಊರ ಹಾದಿಗಳಲ್ಲಿಯೇ ಪಂದ್ಯಗಳು ನಡೆದು, ಓಡಿಸುವವರಿಗೂ ದಾರಿಹೋಕರಿಗೂ ಪ್ರಾಣಭಯವುಂಟಾಯಿತು. ಬರಿಯ ಶಿಕ್ಷೆಯಿಂದ ಇದು ನಿಲ್ಲದೆಂದು ಕಂಡ ಕೆಲವರು, ಓಟಕ್ಕೆಂದೇ ಬೇರೆ ಸ್ಥಳವನ್ನೂ ನಿಯಮವನ್ನೂ ಏರ್ಪಡಿಸಬೇಕೆಂದು ಹೊರಟರು. ೧೯೫೦ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದ ಪಥವೊಂದರಲ್ಲಿ ವಾರವಾರವೂ ಪಂದ್ಯಗಳು ಮೊದಲಾದವು. ೧೯೫೧ರಲ್ಲಿ, ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಎಂಬವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿದರು. ಆ ಸಂಘದ ಮೊದಲ ಪಂದ್ಯವು ೧೯೫೩ರ ಏಪ್ರಿಲಿನಲ್ಲಿ ಪೊಮೋನಾ ಪಟ್ಟಣದ ಜಾತ್ರೆಯ ಬಯಲಿನಲ್ಲಿ, ಅಲ್ಲಿಯ ಪೊಲೀಸರ ಬೆಂಬಲದಿಂದಲೇ ನಡೆಯಿತು. ಮೊದಲ ರಾಷ್ಟ್ರೀಯ ಪಂದ್ಯವು ೧೯೫೫ರಲ್ಲಿ ಕ್ಯಾನ್ಸಸ್ ಸಂಸ್ಥಾನದ ಗ್ರೇಟ್ ಬೆಂಡ್‌ನಲ್ಲಿ ನಡೆಯಿತು. ಹೀಗೆ ಈ ಕ್ರೀಡೆಯು ಹುಟ್ಟಿದ್ದೇ ಮಕ್ಕಳ ಪ್ರಾಣವನ್ನು ಬೀದಿಯಿಂದ ಉಳಿಸಿಕೊಳ್ಳುವುದಕ್ಕಾಗಿ ಎಂಬುದನ್ನು ವಾಚಕರು ಮೊದಲು ನೆನಪಿನಲ್ಲಿಡಬೇಕು. ಮುಂದೆ ನಾವು ಹೇಳುವ ಕ್ರಮವೆಲ್ಲವೂ ಆ ಮೂಲೋದ್ದೇಶದಿಂದಲೇ ಹೊರಡುತ್ತದೆ.

ಇನ್ನು ಕಾರಿನ ವಿಷಯ. ೧೯೬೪ರಲ್ಲಿ ಪಾಂಟಿಯಾಕ್ ಸಂಸ್ಥೆಯು ತನ್ನ ನಡುಗಾತ್ರದ ಗಾಡಿಯೊಳಗೆ ದೊಡ್ಡ ಗಾಡಿಯ ೩೮೯ ಘನ ಅಂಗುಲದ ಇಂಜಿನನ್ನು ಕೂರಿಸಿ, ಜಿಟಿಓ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಅದರ ಒಡೆಯ ಸಂಸ್ಥೆಯಾದ ಜನರಲ್ ಮೋಟಾರ್ಸ್‌ನಲ್ಲಿ ನಡುಗಾತ್ರದ ಗಾಡಿಗೆ ೩೩೦ ಘನ ಅಂಗುಲವನ್ನು ಮೀರಿದ ಇಂಜಿನು ಕೂಡದೆಂಬ ಕಟ್ಟಳೆ ಇತ್ತು. ಅದನ್ನು ತಪ್ಪಿಸಿಕೊಳ್ಳಲು, ದೊಡ್ಡ ಇಂಜಿನು ಗಿರಾಕಿಯು ಬಯಸಿ ಹಾಕಿಸಿಕೊಳ್ಳುವ ಹೆಚ್ಚುವರಿ ಸಾಮಾನೆಂದು ಲೆಕ್ಕದಲ್ಲಿ ತೋರಿಸಿದರು. ಮೊದಲ ವರ್ಷವೇ ೩೨,೪೫೦ ಗಾಡಿಗಳು ಖರ್ಚಾದುವು. ಇದನ್ನು ಕಂಡು ಇತರ ತಯಾರಕರೂ ಅದೇ ದಾರಿಯನ್ನು ಹಿಡಿದರು. ಇಂತಹ ಕಾರುಗಳಿಗೆ ಮಸಲ್ ಕಾರು ಎಂಬ ಹೆಸರು ನಿಂತಿತು. ನಮ್ಮ ಕಡೆಯ ಮಾತಿನಲ್ಲಿ ಜಟ್ಟಿ ಕಾರು ಎನ್ನಬಹುದು. ೧೯೭೦ರಲ್ಲಿ ಷೆವ್ರೊಲೆ ಸಂಸ್ಥೆಯ ಷೆವೆಲ್ ಎಂಬ ಗಾಡಿಗೆ ೪೫೪ ಘನ ಅಂಗುಲದ, ೪೫೦ ಕುದುರೆಶಕ್ತಿಯದೆಂದು ಸಾರಿದ ಇಂಜಿನು ಬಂದಾಗ ಈ ಪೈಪೋಟಿಯು ಶಿಖರವನ್ನು ಮುಟ್ಟಿತು. ಆಮೇಲೆ ಇಳಿಗಾಲ. ಇಂತಹ ಗಾಡಿಗಳ ವಿಮೆಯ ಕಂತು ಏರಿತು. ೧೯೭೦ರ ಶುದ್ಧವಾಯು ಕಾಯಿದೆಯಿಂದ ಇಂಜಿನುಗಳ ಶಕ್ತಿಯನ್ನು ತಗ್ಗಿಸಬೇಕಾಯಿತು. ೧೯೭೩ರಲ್ಲಿ ಅರಬ್ ದೇಶಗಳು ಎಣ್ಣೆಯನ್ನು ತಡೆದುದರಿಂದ ಪೆಟ್ರೋಲಿಗೆ ಅಭಾವವುಂಟಾಯಿತು. ಹತ್ತೇ ವರ್ಷಗಳಲ್ಲಿ ಜಟ್ಟಿಗಳ ಕಾಲ ಮುಗಿದುಹೋಯಿತು.

ಆ ಷೆವೆಲ್ ಕಾರನ್ನೇ ನಾವು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲ ಪ್ರಶ್ನೆಯು ಯಾವ ಷೆವೆಲ್ ಎಂಬುದು. ಕಾರಿನೊಡನೆ ಕಾರ್ಖಾನೆಯಿಂದ ಬಂದ ಇಂಜಿನಿನ ಮೇಲೆ ಗಾಡಿಯ ಕ್ರಮಸಂಖ್ಯೆಯ ಗುರುತು ಒತ್ತಿರುತ್ತದೆ. ಈ ಸಂಖ್ಯೆಗಳು ಒಂದಕ್ಕೊಂದು ಕೂಡಿಬರುವ, ಮೂಲದಲ್ಲಿದ್ದಂತೆಯೇ ಉಳಿದಿರುವ ಬಲಶಾಲಿ ಗಾಡಿಗಳು ಇಂದು ವಿರಳ. ಅವುಗಳ ಬೆಲೆಯೂ ಅಪಾರ. ಅಂಥದನ್ನು ಕೊಯ್ದು ಬೆಸುಗೆ ಹಾಕಿ ಪಂದ್ಯದ ಗಾಡಿಯನ್ನಾಗಿ ಮಾಡುವುದು, ಅಜ್ಜಿಯ ಕಾಲದ ಕಸೂತಿಯ ಸೀರೆಯನ್ನು ಕತ್ತರಿಸಿ ಚೀಲ ಹೊಲಿದಂತೆ. ಒಮ್ಮೆ ಕೊಯ್ದ ಮೇಲೆ ಮೂಲವು ಮರಳಿ ಬಾರದು. ಆದುದರಿಂದ ಬುದ್ಧಿವಂತನು ಅದೇ ಅಚ್ಚಿನ ಸಾಮಾನ್ಯ ಗಾಡಿಯನ್ನು, ಎಂದರೆ ಚಿಕ್ಕ ಇಂಜಿನಿನೊಡನೆ ಸಂಸಾರಿಗಳಿಗಾಗಿ ಮಾರಿದ ಮಾಲಿಬು ಎಂಬ ಬಗೆಯನ್ನು ಹುಡುಕಬೇಕು. ಇಂಜಿನು ಕೆಟ್ಟಿದ್ದರೂ, ಒಳಗಿನ ಮೆತ್ತೆ ಹರಿದಿದ್ದರೂ ಚಿಂತೆಯಿಲ್ಲ. ಚೌಕಟ್ಟು ಮಾತ್ರ ತುಕ್ಕು ಹಿಡಿದಿರಬಾರದು. ಷೆವೆಲ್ ಗಾಡಿಯ ಮೈಯು ಬೇರೆ, ಅದನ್ನು ಹೊರುವ ಉಕ್ಕಿನ ಚೌಕಟ್ಟು ಬೇರೆ. ಹಿಮ ಬೀಳುವ ಸೀಮೆಗಳಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವುದರಿಂದ ಅಲ್ಲಿ ಓಡಿದ ಗಾಡಿಗಳ ಚೌಕಟ್ಟು ಒಳಗಿಂದೊಳಗೆ ತಿನ್ನಿಹೋಗಿರುತ್ತದೆ. ಮೇಲಿನ ಬಣ್ಣಕ್ಕೆ ಮರುಳಾಗದೆ, ಗಾಡಿಯ ಕೆಳಗೆ ಮಲಗಿ, ಹಿಂದಿನ ಗಾಲಿಗಳ ಮೇಲಿನ ಬಾಗಿದ ಭಾಗವನ್ನು ಚಿಕ್ಕ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿಯಾದ ನಾದ ಬಂದರೆ ಸರಿ. ಮಂದವಾದ ಸದ್ದು ಬಂದು ಪುಡಿ ಉದುರಿದರೆ ಎಷ್ಟು ಅಗ್ಗವಾದರೂ ಆ ಗಾಡಿ ಬೇಡ.

ಗಾಡಿಯು ಮನೆಗೆ ಬಂದಮೇಲೆ ಕೆಲಸವನ್ನು ಎಲ್ಲಿಂದ ತೊಡಗಬೇಕು? ತರುಣರನ್ನು ಕೇಳಿದರೆ ಇಂಜಿನಿನಿಂದ ಎನ್ನುವರು. ಬಲವಾದ ಇಂಜಿನನ್ನು ಮೊದಲು ಕೂರಿಸಿ, ಅದರ ಗರ್ಜನೆಯನ್ನು ಕೇಳಿ ಆನಂದಿಸಿ, ಉಳಿದುದನ್ನು ದುಡ್ಡು ಕೂಡಿದಂತೆ ಮಾಡೋಣವೆಂಬುದು ಅವರ ವಿಚಾರ. ನಾವು ಹೇಳುವುದು ಇದಕ್ಕೆ ಸರಿಯಾಗಿ ವಿರುದ್ಧವಾದುದು: ನಿಲ್ಲಿಸುವ ಅಂಗಗಳು ಮೊದಲು, ನೆಲವನ್ನು ಹಿಡಿಯುವ ಅಂಗಗಳು ಆಮೇಲೆ, ಬಲವನ್ನು ಸಾಗಿಸುವ ಅಂಗಗಳು ಅದರ ಬಳಿಕ, ಇಂಜಿನು ಎಲ್ಲಕ್ಕೂ ಕೊನೆಗೆ. ಈ ಕ್ರಮವನ್ನು ಮೀರಿದವನು ಗಾಡಿಯನ್ನು ಕಟ್ಟುವ ಮೊದಲೇ ಅದನ್ನು ಓಡಿಸುವ ಆಸೆಗೆ ಬೀಳುತ್ತಾನೆ. ಅನಾಹುತಕ್ಕೆ ಅಲ್ಲಿಂದಲೇ ದಾರಿ.

ನಿಲ್ಲಿಸುವ ಕೆಲಸವು ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಚಾಲಕನೂ ಸೇರಿ ೩,೬೦೦ ಪೌಂಡು, ಎಂದರೆ ಸುಮಾರು ೧,೬೩೦ ಕಿಲೋಗ್ರಾಂ ತೂಗುವ ಗಾಡಿಯು ಗಂಟೆಗೆ ೧೧೭ ಮೈಲಿ, ಎಂದರೆ ೧೮೮ ಕಿಲೋಮೀಟರು ವೇಗದಲ್ಲಿ ಗುರಿಯ ಗೆರೆಯನ್ನು ದಾಟಿತೆನ್ನಿ. ಆಗ ಅದರಲ್ಲಿರುವ ಚಲನಶಕ್ತಿಯೆಲ್ಲವೂ ಬ್ರೇಕಿನಲ್ಲಿ ಶಾಖವಾಗಬೇಕು. ಆ ಶಾಖವು ಆರೂವರೆ ಲೀಟರು ತಣ್ಣೀರನ್ನು ಕುದಿಗೆ ತರಲು ಸಾಕು. ಮನೆಯ ಒಲೆಯ ಮೇಲೆ ಕಾಲು ಗಂಟೆಗೂ ಮೀರಿ ನಡೆಯುವ ಕೆಲಸವು ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ, ನಾಲ್ಕು ಗಾಲಿಗಳೊಳಗೆ ನಡೆಯಬೇಕು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ನಿಲ್ಲಿಸುವುದಕ್ಕಿಂತ ಇದು ಹತ್ತುಮಡಿ ಹೆಚ್ಚಿನ ಕೆಲಸ. ಆ ಕಾಲದ ಸಾಮಾನ್ಯ ಷೆವೆಲ್ ಗಾಡಿಗಳಿಗಿದ್ದ ಡ್ರಮ್ ಬ್ರೇಕುಗಳು ಬಿಸಿಯೇರಿದಾಗ ಹಿಡಿತವನ್ನು ಕಳೆದುಕೊಳ್ಳುತ್ತವೆ. ಆದುದರಿಂದ ಮುಂದಿನ ಗಾಲಿಗಳಿಗಾದರೂ ಡಿಸ್ಕ್ ಬ್ರೇಕುಗಳನ್ನು ಹಾಕಿಸಿ, ಹಳೆಯ ರಬ್ಬರಿನ ನಳಿಗೆಗಳನ್ನೂ ತುಕ್ಕು ಹಿಡಿದ ಉಕ್ಕಿನ ಕೊಳವೆಗಳನ್ನೂ ಒಂದನ್ನೂ ಬಿಡದೆ ಬದಲಾಯಿಸಬೇಕು. ಗಂಟೆಗೆ ೧೫೦ ಮೈಲಿಯನ್ನು ಮುಟ್ಟುವ ಗಾಡಿಗಳಿಗೆ ಬ್ರೇಕು ಸಾಲದೆಂದು, ಹಿಂದಕ್ಕೆ ಬಿಚ್ಚಿಕೊಳ್ಳುವ ಪ್ಯಾರಾಚೂಟನ್ನು ಸಂಘವು ಕಡ್ಡಾಯ ಮಾಡಿದೆ.

ಗೆರೆಯನ್ನು ದಾಟುವುದರಲ್ಲಿ ಪಂದ್ಯ ಮುಗಿದರೂ ಅಪಾಯ ಮುಗಿಯದೆಂಬುದಕ್ಕೆ ಕಹಿಯಾದ ಸಾಕ್ಷಿಯೂ ಇದೆ. ೨೦೦೮ರ ಜೂನಿನಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನಿನ ಪಥದಲ್ಲಿ, ಸ್ಕಾಟ್ ಕಲಿಟ್ಟಾ ಎಂಬ ಅನುಭವಶಾಲಿ ಚಾಲಕರ ಗಾಡಿಯ ಇಂಜಿನು ಓಟದಲ್ಲಿಯೇ ಸಿಡಿಯಿತು. ಗಾಡಿಯು ವೇಗವನ್ನು ಕಳೆಯದೆ ಪಥದ ತುದಿಯನ್ನೂ ದಾಟಿಹೋಗಿ, ಅವರು ಮೃತಪಟ್ಟರು. ಇದಾದ ಬಳಿಕ ಸಂಘವು ಅತ್ಯಂತ ವೇಗದ ಎರಡು ವರ್ಗಗಳ ಓಟವನ್ನು ಕಾಲು ಮೈಲಿಯಿಂದ ೧,೦೦೦ ಅಡಿಗೆ ಇಳಿಸಿತು. ಓಟವನ್ನು ಕಿರಿದುಮಾಡಿ ನಿಲ್ಲುವ ಜಾಗವನ್ನು ಹಿರಿದುಮಾಡಿದರೆಂಬುದನ್ನು ವಾಚಕರು ಗಮನಿಸಬೇಕು.

ಬ್ರೇಕಿನ ಜತೆಗೆ ಚಾಲಕನ ರಕ್ಷಣೆ. ಹಳೆಯ ಕಾರು ಕಾಲು ಮೈಲಿಯನ್ನು ೧೧.೪೯ ಸೆಕೆಂಡಿನಲ್ಲಿ ಅಥವಾ ಅದಕ್ಕೂ ಬೇಗ ಓಡುವುದಾದರೆ, ಚಾಲಕನ ತಲೆಯ ಹಿಂದೆ ಉಕ್ಕಿನ ಕೊಳವೆಯ ಕಮಾನೊಂದು ಇರಲೇಬೇಕೆಂದು ಸಂಘದ ನಿಯಮ. ಇದಕ್ಕೆ ರೋಲ್ ಬಾರ್ ಎನ್ನುವರು. ಗಾಡಿ ಮಗುಚಿದರೂ ಚಾವಣಿಯು ಕುಸಿಯದಂತೆ ಅದು ತಡೆಯುತ್ತದೆ. ೯.೯೯ ಸೆಕೆಂಡಿಗೆ ಇಳಿದರೆ ಬರಿಯ ಕಮಾನು ಸಾಲದು, ಸುತ್ತಲೂ ಪಂಜರವೇ ಬೇಕು. ಕೂತವನನ್ನು ಹೆಗಲು, ಸೊಂಟ, ತೊಡೆಗಳಲ್ಲಿ ಬಿಗಿಯುವ ಪಟ್ಟಿಗಳಿಗೂ ಆಯುಷ್ಯ ಗೊತ್ತುಮಾಡಿದೆ. ತಯಾರಾದ ಎರಡು ವರ್ಷಗಳಿಗೆ ಅವನ್ನು ಬದಲಾಯಿಸಬೇಕು, ಏಕೆಂದರೆ ಬಿಸಿಲಿಗೆ ನೂಲು ಸೊರಗುತ್ತದೆ. ನಮ್ಮ ಉದಾಹರಣೆಯ ಗಾಡಿಯು, ಮುಂದೆ ತೋರಿಸುವಂತೆ, ೧೧.೬೫ ಸೆಕೆಂಡಿನದು. ಅಕ್ಷರಶಃ ನೋಡಿದರೆ ಅದಕ್ಕೆ ಕಮಾನಿನ ಕಡ್ಡಾಯವಿಲ್ಲ. ಆದರೆ ಚಳಿಯ ಸಂಜೆಯಲ್ಲಿ ಗಾಳಿಯು ದಟ್ಟವಾಗಿ ಇಂಜಿನಿನ ಬಲವು ಹೆಚ್ಚಿದರೆ ಆ ಗಡಿಯು ತಾನೇ ದಾಟಿಹೋಗುತ್ತದೆ. ನಿಯಮದ ಅಂಚಿನಲ್ಲಿ ನಿಂತು ಉಳಿತಾಯ ಮಾಡುವುದು ಉಳಿತಾಯವಲ್ಲ. ಮೊದಲೇ ಹಾಕಿಸಿಬಿಡುವುದು ಮೇಲು.

ಎರಡನೆಯದು ನೆಲದ ಹಿಡಿತ. ಜಟ್ಟಿಯ ತೋಳು ಎಷ್ಟು ದಪ್ಪವಾಗಿದ್ದರೇನು, ಅಖಾಡದ ಮಣ್ಣಿನಲ್ಲಿ ಕಾಲು ಜಾರಿದರೆ ಅವನು ಸೋತನೆಂದೇ ಎಣಿಕೆ. ಇಲ್ಲಿಯೂ ಹಾಗೆಯೇ. ಬಲವೆಲ್ಲವೂ ಹಿಂದಿನ ಎರಡು ಟೈರುಗಳು ನೆಲವನ್ನು ಮುಟ್ಟುವ ಅಂಗೈಯಗಲದ ಜಾಗಗಳ ಮೂಲಕವೇ ಹೋಗಬೇಕು. ಅದಕ್ಕಾಗಿ ಗೀರುಗಳಿಲ್ಲದ, ಮೆತ್ತನೆಯ ರಬ್ಬರಿನ ಅಗಲವಾದ ಟೈರುಗಳನ್ನು ಬಳಸುವರು. ಇವಕ್ಕೆ ಸ್ಲಿಕ್ ಎಂದು ಹೆಸರು. ಓಟಕ್ಕೆ ಮುನ್ನ ಚಾಲಕನು ಅವನ್ನು ನೀರಿನಲ್ಲಿ ತೋಯಿಸಿ, ನಿಂತಲ್ಲಿಯೇ ಗಿರ್ರನೆ ತಿರುಗಿಸಿ ಹೊಗೆಯೆಬ್ಬಿಸುವುದು ಆಡಂಬರಕ್ಕಲ್ಲ. ಅದರಿಂದ ಅಂಟಿದ ಕಸವು ಹೋಗಿ, ರಬ್ಬರು ಬಿಸಿಯೇರಿ ಜಿಗುಟಾಗುತ್ತದೆ. ಗಾಡಿಯು ಜಿಗಿಯುವಾಗ ಭಾರವು ಹಿಂದಕ್ಕೆ ವಾಲಿ ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತುವಂತೆ, ಸ್ಪ್ರಿಂಗುಗಳನ್ನೂ ಅವುಗಳ ತೋಳುಗಳನ್ನೂ ಹೊಂದಿಸಬೇಕು. ಷೆವೆಲ್ ಗಾಡಿಯಲ್ಲಿ ಹಿಂದಿನ ಅಚ್ಚನ್ನು ನಾಲ್ಕು ತೋಳುಗಳು ಹಿಡಿದಿರುತ್ತವೆ. ಅವುಗಳ ಕೊನೆಯಲ್ಲಿರುವ ಹಳೆಯ ರಬ್ಬರಿನ ಬುಷ್‌ಗಳು ಸವೆದಿದ್ದರೆ ಗಾಡಿಯು ಹೊರಡುವಾಗ ಪಕ್ಕಕ್ಕೆ ಎಳೆಯುತ್ತದೆ. ಈ ಚಿಕ್ಕ ಕೆಲಸಕ್ಕೆ ಆಗುವ ಖರ್ಚು ಅಲ್ಪ, ದೊರೆಯುವ ಲಾಭ ಬಹಳ. ಮೊದಲ ೬೦ ಅಡಿಗಳಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ಉಳಿಸಿದರೆ ಗುರಿಯಲ್ಲಿ ಅದಕ್ಕಿಂತ ಹೆಚ್ಚಿನ ಉಳಿತಾಯ ಕಾಣುವುದೆಂದು ಅನುಭವಿಗಳು ಹೇಳುತ್ತಾರೆ.

ಮೂರನೆಯದು ಬಲವನ್ನು ಸಾಗಿಸುವ ಅಂಗಗಳು. ಇಲ್ಲಿ ಒಂದು ಅಪಾಯವನ್ನು ವಿವರವಾಗಿ ತಿಳಿಸಬೇಕು. ಷೆವೆಲ್ ಗಾಡಿಯ ಹಿಂದಿನ ಅಚ್ಚಿನ ದಂಡಗಳನ್ನು, ಒಳಗಿನ ಹಲ್ಲುಚಕ್ರಗಳ ನಡುವೆ ಸಿಕ್ಕಿಸಿದ, ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದ ಚಿಕ್ಕ ಕೀಲೊಂದು ಹಿಡಿದಿರುತ್ತದೆ. ನಮ್ಮ ಎತ್ತಿನ ಬಂಡಿಗೆ ಕಡಾಣಿಯಿದ್ದಂತೆ ಎಂದುಕೊಳ್ಳಿ. ಆದರೆ ಕಡಾಣಿಯು ಗಾಲಿಯ ಹೊರಗಿದ್ದು ಕಣ್ಣಿಗೆ ಬೀಳುತ್ತದೆ. ಈ ಕೀಲು ದಂಡದ ಒಳತುದಿಯಲ್ಲಿ ಅಡಗಿದೆ. ಭಾರಿ ಬಲದ ಏಟಿಗೆ ದಂಡವು ನಡುವೆ ಮುರಿಯಿತೆಂದರೆ, ಗಾಲಿಯು ದಂಡದ ತುಂಡಿನೊಡನೆ ಹೊರಕ್ಕೆ ಜಾರಿ ಗಾಡಿಯನ್ನೇ ಬಿಟ್ಟು ಹೋಗುತ್ತದೆ. ಸಂಸಾರಿಯ ಪೇಟೆ ಸಂಚಾರಕ್ಕೆ ಈ ಏರ್ಪಾಟು ಸಾಕಾಗಿತ್ತು. ಪಂದ್ಯಕ್ಕೆ ಸಾಲದು. ಆದುದರಿಂದ ದಂಡವನ್ನು ಹೊರತುದಿಯಲ್ಲಿಯೇ ಬೋಲ್ಟುಗಳಿಂದ ಹಿಡಿಯುವ ಅಚ್ಚು ಬೇಕು. ಫೋರ್ಡ್ ಸಂಸ್ಥೆಯು ೧೯೫೭ರಿಂದ ೧೯೮೬ರವರೆಗೆ ತಯಾರಿಸಿದ, ಒಂಬತ್ತು ಅಂಗುಲದ ಹಲ್ಲುಚಕ್ರವುಳ್ಳ ಅಚ್ಚು ಇದೇ ಕಾರಣದಿಂದ ಬೇರೆ ಸಂಸ್ಥೆಗಳ ಗಾಡಿಗಳಿಗೂ ಆಪ್ತವಾಗಿದೆ. ಷೆವ್ರೊಲೆ ಗಾಡಿಗೆ ಫೋರ್ಡಿನ ಅಚ್ಚೇ ಎಂದು ಅಭಿಮಾನಿಗಳು ಮುಖ ಸಿಂಡರಿಸಬಹುದು. ಆದರೆ ಪ್ರಾಣದ ಮುಂದೆ ಹೆಸರಿನ ಅಭಿಮಾನ ದೊಡ್ಡದಲ್ಲ.

ಇಂಜಿನಿನಿಂದ ಅಚ್ಚಿಗೆ ಬಲವನ್ನೊಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಕೀಲು ಮುರಿದರೆ, ಶಾಫ್ಟು ನೆಲಕ್ಕೆ ಕುಸಿದು ನೆಟ್ಟುಕೊಂಡು ಗಾಡಿಯನ್ನೇ ಮೇಲೆತ್ತಿ ಉರುಳಿಸಬಲ್ಲುದು. ಅದು ಬೀಳದಂತೆ ಸುತ್ತಲೂ ಉಕ್ಕಿನ ಬಳೆಯೊಂದನ್ನು ತೊಡಿಸಬೇಕು. ಗೇರುಪೆಟ್ಟಿಗೆಯ ವಿಷಯದಲ್ಲಿ, ಕೈಯಿಂದ ಬದಲಾಯಿಸುವುದಕ್ಕಿಂತ ತಾನಾಗಿ ಬದಲಾಗುವುದೇ ಈ ಕೆಲಸಕ್ಕೆ ಮೇಲು, ಏಕೆಂದರೆ ಅದು ಪ್ರತಿಸಲವೂ ಒಂದೇ ಬಗೆಯಾಗಿ ನಡೆಯುತ್ತದೆ. ೧೯೬೪ರಲ್ಲಿ ಬಂದ ಟರ್ಬೊ ಹೈಡ್ರಮ್ಯಾಟಿಕ್ ೪೦೦ ಎಂಬ ಮೂರು ಗೇರುಗಳ ಪೆಟ್ಟಿಗೆಯು ಭಾರವಾದರೂ ಬಲು ಗಟ್ಟಿ. ಅದರೊಳಗಿನ ಎಣ್ಣೆಯು ಕಾಯದಂತೆ ತಣಿಸುವ ಏರ್ಪಾಟನ್ನು ಬೇರೆಯಾಗಿ ಇಡಬೇಕು. ಅಚ್ಚಿನ ಹಲ್ಲುಗಳ ಪ್ರಮಾಣವನ್ನು ಲೆಕ್ಕದಿಂದಲೇ ಗೊತ್ತುಮಾಡಿಕೊಳ್ಳಬಹುದು. ೨೮ ಅಂಗುಲ ಎತ್ತರದ ಟೈರೂ ೪.೧೦ರ ಪ್ರಮಾಣವೂ ಇದ್ದರೆ, ೧೧೭ ಮೈಲಿಯ ವೇಗದಲ್ಲಿ ಇಂಜಿನು ನಿಮಿಷಕ್ಕೆ ಸುಮಾರು ೫,೭೫೦ ಸುತ್ತು ತಿರುಗುತ್ತದೆ. ಪೆಟ್ಟಿಗೆಯಲ್ಲಿ ಆಗುವ ಜಾರುವಿಕೆಯನ್ನು ಸೇರಿಸಿದರೆ ೬,೦೦೦ದ ಆಸುಪಾಸು. ಇಂಜಿನು ತನ್ನ ಹೆಚ್ಚಿನ ಶಕ್ತಿಯನ್ನು ಅಷ್ಟೇ ಸುತ್ತುಗಳಲ್ಲಿ ಕೊಡುವಂತೆ ಇರಬೇಕೆಂದು ಇದರಿಂದ ತಿಳಿಯಿತಷ್ಟೆ. ಹೀಗೆ ಹಿಂದಿನಿಂದ ಲೆಕ್ಕ ಹಾಕಿಕೊಂಡು ಬಂದವನಿಗೆ ಎಂತಹ ಇಂಜಿನು ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಇಂಜಿನನ್ನು ಮೊದಲೇ ಕೊಂಡವನು ಉಳಿದುದೆಲ್ಲವನ್ನೂ ಅದಕ್ಕಾಗಿ ಎರಡೆರಡು ಸಲ ಕೊಳ್ಳಬೇಕಾಗುವುದು.

ಈಗ ಇಂಜಿನಿಗೆ ಬರೋಣ. ಎಷ್ಟು ಶಕ್ತಿ ಬೇಕು? ಅನುಭವದಿಂದ ಕಟ್ಟಿದ ಸೂತ್ರವೊಂದು ಬಳಕೆಯಲ್ಲಿದೆ. ಗಾಡಿಯ ತೂಕವನ್ನು ಪೌಂಡುಗಳಲ್ಲಿ ಹಿಡಿದು ಕುದುರೆಶಕ್ತಿಯಿಂದ ಭಾಗಿಸಿ, ಬಂದ ಅಂಕಿಯ ಘನಮೂಲವನ್ನು ೫.೮೨೫ರಿಂದ ಗುಣಿಸಿದರೆ, ಕಾಲು ಮೈಲಿಗೆ ಹಿಡಿಯುವ ಸೆಕೆಂಡುಗಳು ದೊರೆಯುತ್ತವೆ. ೩,೬೦೦ ಪೌಂಡಿನ ನಮ್ಮ ಗಾಡಿಗೆ ೪೫೦ ಕುದುರೆಶಕ್ತಿ ಇದ್ದರೆ ಭಾಗಲಬ್ಧ ೮, ಘನಮೂಲ ೨, ಕಾಲ ೧೧.೬೫ ಸೆಕೆಂಡು. ೩೦೦ ಕುದುರೆಶಕ್ತಿಯೇ ಆದರೆ ಸುಮಾರು ೧೩.೩೪. ೧೦ ಸೆಕೆಂಡಿಗೆ ಇಳಿಸಬೇಕೆಂದರೆ ೭೧೦ರಷ್ಟು ಬೇಕು. ಮೊದಲ ೧೫೦ ಕುದುರೆಗಳು ಒಂದೂಮುಕ್ಕಾಲು ಸೆಕೆಂಡಿನಷ್ಟನ್ನು ಉಳಿಸಿಕೊಟ್ಟರೆ, ಅದೇ ಉಳಿತಾಯವನ್ನು ಮತ್ತೊಮ್ಮೆ ಪಡೆಯಲು ೨೬೦ ಕುದುರೆಗಳನ್ನು ಕಟ್ಟಬೇಕೆಂದು ವಾಚಕರು ಕಾಣಬಹುದು. ಕಾಲವನ್ನು ಅರ್ಧಕ್ಕಿಳಿಸಲು ಶಕ್ತಿ ಎಂಟುಮಡಿಯಾಗಬೇಕು. ಆಸೆಗೆ ತುದಿಯಿಲ್ಲವೆಂದು ಹಿರಿಯರು ಹೇಳಿದುದಕ್ಕೆ ಇಲ್ಲಿ ಗಣಿತದ ಆಧಾರವೇ ದೊರೆತಂತಾಯಿತು. ಇದಕ್ಕೆ ಬದಲಾಗಿ ೧೦೦ ಪೌಂಡು ತೂಕವನ್ನು ಇಳಿಸಿದರೆ ಸೆಕೆಂಡಿನ ಹತ್ತನೆಯ ಒಂದು ಪಾಲು ಉಳಿಯುತ್ತದೆ. ಬೇಡವಾದ ಶೀತಯಂತ್ರ, ಹಿಂದಿನ ಆಸನ, ಸದ್ದನ್ನು ತಡೆಯುವ ಮೆತ್ತೆಗಳನ್ನು ತೆಗೆಯಲು ದುಡ್ಡು ಬೇಕಾಗಿಲ್ಲ.

೪೫೦ ಕುದುರೆಶಕ್ತಿಗೆ ೧೯೭೦ರ ವಿರಳವಾದ ಇಂಜಿನೇ ಬೇಕೆಂದಿಲ್ಲ. ಅದೇ ೪೫೪ ಘನ ಅಂಗುಲದ ಇಂಜಿನನ್ನು ಷೆವ್ರೊಲೆ ಸಂಸ್ಥೆಯು ಆಮೇಲೆ ಬಹುಕಾಲ ತನ್ನ ಟ್ರಕ್ಕುಗಳಲ್ಲಿ ಬಳಸಿತು. ಅಂಥದೊಂದನ್ನು ತಂದು, ಎಲ್ಲವನ್ನೂ ಬಿಚ್ಚಿ, ಎರಕದಲ್ಲಿ ಬಿರುಕಿಲ್ಲವೆಂದು ಪರೀಕ್ಷಿಸಿ, ಸಿಲಿಂಡರುಗಳನ್ನು ಲೇತಿನವರಲ್ಲಿ ಕೊರೆಸಬೇಕು. ಎರಕದ ಪಿಸ್ಟನ್ನುಗಳ ಬದಲಿಗೆ ಬಡಿದು ಮಾಡಿದ ಪಿಸ್ಟನ್ನುಗಳನ್ನು ಹಾಕಬೇಕು. ಹಿಂದಿನ ಕಾಲದ ಪೆಟ್ರೋಲಿನಲ್ಲಿದ್ದ ಸೀಸವು ವಾಲ್ವುಗಳ ಪೀಠಗಳನ್ನು ಸವೆಯದಂತೆ ಕಾಪಾಡುತ್ತಿತ್ತು. ಆ ಸೀಸವು ಮಕ್ಕಳ ಬುದ್ಧಿಗೆ ವಿಷವಾದುದರಿಂದ ಅಮೆರಿಕದಲ್ಲಿ ೧೯೯೬ರಿಂದ ರಸ್ತೆಯ ಗಾಡಿಗಳಿಗೆ ಅದನ್ನು ನಿಷೇಧಿಸಿದರು. ಆದುದರಿಂದ ಹಳೆಯ ಇಂಜಿನಿಗೆ ಗಟ್ಟಿಮಾಡಿದ ಉಕ್ಕಿನ ಪೀಠಗಳನ್ನು ಕೂರಿಸಬೇಕು. ಪೆಟ್ರೋಲನ್ನು ತರುವ ಪಂಪೂ ಕೊಳವೆಯೂ ತಕ್ಕಷ್ಟು ದೊಡ್ಡವಾಗಿರಬೇಕು, ಏಕೆಂದರೆ ಹನ್ನೆರಡು ಸೆಕೆಂಡಿನೊಳಗೆ ಈ ಇಂಜಿನು ಅರ್ಧ ಲೀಟರಿನಷ್ಟು ಪೆಟ್ರೋಲನ್ನು ಕುಡಿಯುತ್ತದೆ. ನಡುದಾರಿಯಲ್ಲಿ ಪೆಟ್ರೋಲು ಸಾಲದೆ ಗಾಳಿಯೇ ಹೆಚ್ಚಾದರೆ, ಶಾಖವೇರಿ ಪಿಸ್ಟನ್ನು ಕರಗಿಹೋಗುವುದೂ ಉಂಟು.

ಖರ್ಚಿನ ಮಾತನ್ನು ಬಿಟ್ಟರೆ ಗೃಹಸ್ಥರಿಗೆ ಈ ಲೇಖನವು ಅಪೂರ್ಣವಾದೀತು. ಕೆಲಸಕ್ಕೆ ಕೈಹಾಕುವ ಮುನ್ನವೇ ಗಂಡಹೆಂಡಿರು ಕೂತು, ಇಷ್ಟು ಹಣ, ಇಷ್ಟು ವರ್ಷ ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆ ಮೊತ್ತದ ಮೂರರಲ್ಲಿ ಒಂದು ಪಾಲನ್ನು ಕಾಣದೆ ಬರುವ ಖರ್ಚಿಗೆಂದು ಮುಟ್ಟದೆ ಇಡಬೇಕು. ಹಳೆಯ ಗಾಡಿಯ ಒಂದು ಬೋಲ್ಟನ್ನು ಬಿಚ್ಚಹೋದರೆ ಅದು ಮುರಿದು ಮೂರು ದಿನದ ಕೆಲಸವನ್ನು ಹೆಚ್ಚಿಸುವುದು ಸಾಮಾನ್ಯ. ಸಾಲ ಮಾಡಿ ಇದನ್ನು ನಡೆಸತಕ್ಕದ್ದಲ್ಲ. ಬಿಚ್ಚಿದ ಸಾಮಾನುಗಳನ್ನು ಚೀಟಿ ಅಂಟಿಸಿದ ಡಬ್ಬಿಗಳಲ್ಲಿಡುವ, ಲೆಕ್ಕ ಬರೆಯುವ, ತಂತಿಗಳನ್ನು ಹೊಂದಿಸುವ ಕೆಲಸಗಳಲ್ಲಿ ಮನೆಯ ಮಕ್ಕಳೂ ಹೆಂಗಸರೂ ಕೂಡಿದರೆ ಕಾರಿನಿಂದ ಮನೆಗೆ ವಿರಸ ಬರುವುದಿಲ್ಲ. ಮುಗಿಯದೆ ಉಳಿದು, ಹೊದಿಕೆಯ ಕೆಳಗೆ ಧೂಳು ಹಿಡಿದು, ಕೊನೆಗೆ ಅರೆಬೆಲೆಗೆ ಹೋಗುವ ಗಾಡಿಗಳು ಬಹಳ. ಅವುಗಳಲ್ಲಿ ಇಂಜಿನು ಮಾತ್ರ ಹೊಸದಾಗಿ ಹೊಳೆಯುತ್ತಿರುವುದು ಅಪರೂಪವಲ್ಲ.

ಇಷ್ಟೆಲ್ಲ ಮಾಡಿಯೂ ತನ್ನ ಗಾಡಿಗಿಂತ ವೇಗದ ಗಾಡಿಗಳು ಇದ್ದೇ ಇರುವುವಲ್ಲ, ಸಾಮಾನ್ಯನು ಗೆಲ್ಲುವುದೆಂತು ಎಂದು ವಾಚಕರು ಕೇಳಬಹುದು. ಇದಕ್ಕೆ ಅಮೆರಿಕದವರು ಕಂಡುಕೊಂಡ ಉಪಾಯವು ನಮಗೆ ಬಹಳ ಮೆಚ್ಚಿಕೆಯಾಗಿದೆ. ಬ್ರ್ಯಾಕೆಟ್ ರೇಸು ಎಂಬ ಈ ಪದ್ಧತಿಯಲ್ಲಿ, ತನ್ನ ಗಾಡಿಯು ಎಷ್ಟು ಸೆಕೆಂಡಿನಲ್ಲಿ ಓಡುವುದೆಂದು ಚಾಲಕನು ಮುಂಚಿತವಾಗಿ ತಾನೇ ಹೇಳಿ, ಗಾಜಿನ ಮೇಲೆ ಬರೆಯಬೇಕು. ಒಬ್ಬನು ೧೧.೭೦ ಎಂದೂ ಇನ್ನೊಬ್ಬನು ೧೩.೨೦ ಎಂದೂ ಬರೆದರೆ, ನಿಧಾನದವನಿಗೆ ಒಂದೂವರೆ ಸೆಕೆಂಡು ಮುಂಚೆ ಹಸಿರು ದೀಪ ದೊರೆಯುತ್ತದೆ. ಮೊದಲು ಗೆರೆಯನ್ನು ಮುಟ್ಟಿದವನಿಗೆ ಗೆಲುವು. ಆದರೆ ಬರೆದ ಕಾಲಕ್ಕಿಂತ ಬೇಗ ಓಡಿದವನು ಸೋತನು! ೧೧.೭೦ ಎಂದು ಬರೆದು ೧೧.೬೮ರಲ್ಲಿ ಓಡಿದರೆ ಅದು ಗೆಲುವಲ್ಲ. ಹೊರಡುವ ಸನ್ನೆಗೆ ೧೯೬೩ರಿಂದ ಬಂದ ದೀಪಗಳ ಕಂಬವಿದೆ. ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡಿಗೊಂದರಂತೆ ಹೊತ್ತಿ, ಬಳಿಕ ಹಸಿರು ಬರುತ್ತದೆ. ಅದಕ್ಕೆ ಮುನ್ನ ಹೊರಟರೆ ಕೆಂಪು ಹೊತ್ತಿ ಆಟ ಅಲ್ಲಿಗೇ ಮುಗಿಯಿತು.

ಇಂತಹ ಪಂದ್ಯದಲ್ಲಿ ಬಲಕ್ಕಿಂತ ಒಂದೇ ಬಗೆಯ ನಡತೆಗೆ ಬೆಲೆ ಹೆಚ್ಚು. ಹತ್ತು ಓಟಗಳಲ್ಲಿ ಹತ್ತೂ ಒಂದೇ ಕಾಲಕ್ಕೆ ಮುಟ್ಟುವ ಗಾಡಿಯು, ಇಂದು ಮಿಂಚಿ ನಾಳೆ ಕೆಡುವ ಗಾಡಿಯನ್ನು ಸುಲಭವಾಗಿ ಸೋಲಿಸುತ್ತದೆ. ಅದಕ್ಕಾಗಿ ನುರಿತವರು ಗಾಳಿಯ ಬಿಸಿ, ತೇವ, ಟೈರಿನ ಒತ್ತಡ, ಮೊದಲ ೬೦ ಅಡಿಯ ಕಾಲ ಇವನ್ನೆಲ್ಲ ಪ್ರತಿ ಓಟಕ್ಕೂ ಪುಸ್ತಕದಲ್ಲಿ ಬರೆದಿಡುವರು. ಮನೆಯ ಜಮಾಖರ್ಚನ್ನು ಬರೆದು ರೂಢಿಯಾದವರಿಗೆ ಇದು ಹೊಸದೆನಿಸದು.

ನಮ್ಮ ನಾಡಿಗೂ ಈ ಮಾತು ಸಲ್ಲುತ್ತದೆ. ಇಲ್ಲಿ ಜಟ್ಟಿ ಕಾರುಗಳು ವಿರಳವಾದರೂ, ನಡುರಾತ್ರಿ ದೊಡ್ಡ ರಸ್ತೆಗಳಲ್ಲಿ ಮೋಟಾರು ಸೈಕಲ್ಲುಗಳನ್ನು ಪಂದ್ಯಕಟ್ಟಿ ಓಡಿಸುವ ಮಕ್ಕಳು ವಿರಳರಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೮೯ನೆಯ ಪ್ರಕರಣದಂತೆ, ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯವನ್ನು ನಡೆಸುವುದು ಅಪರಾಧ. ನೋಂದಣಿಯಲ್ಲಿ ಕಾಣಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ೫೨ನೆಯ ಪ್ರಕರಣವು ತಡೆಯುತ್ತದೆ. ಇವನ್ನು ಮಕ್ಕಳಿಗೆ ತಿಳಿಸಲೇಬೇಕು. ಆದರೆ ತಿಳಿಸಿದಷ್ಟರಿಂದಲೇ ಹುಚ್ಚು ಇಳಿಯದೆಂಬುದಕ್ಕೆ ಕ್ಯಾಲಿಫೋರ್ನಿಯಾದ ಅನುಭವವೇ ಸಾಕ್ಷಿ. ಯುದ್ಧಕಾಲದ ಷೋಲಾವರಂ ವಿಮಾನಪಥದಲ್ಲಿ, ಮದರಾಸಿನ ಬಳಿ, ಎಷ್ಟೋ ವರ್ಷಗಳ ಕಾಲ ಮೋಟಾರು ಪಂದ್ಯಗಳು ಕ್ರಮವಾಗಿ ನಡೆದುವು. ಅಂತಹ ಮುಚ್ಚಿದ ಪಥ, ಪರೀಕ್ಷಕರು, ವೈದ್ಯರು, ನಿಯಮ ಇವು ಇರುವಲ್ಲಿಗೆ ಮಗನನ್ನು ತಂದೆಯೇ ಕರೆದೊಯ್ದರೆ, ಬೀದಿಯ ಪಂದ್ಯದ ಆಕರ್ಷಣೆ ಬಹುಮಟ್ಟಿಗೆ ಕುಗ್ಗುವುದು.

ಮಗನು ಬಲವಾದ ವಾಹನವೊಂದನ್ನು ಬೇಡಿದಾಗ ಬೇಡವೆಂದು ಗದರಿಸುವ ಬದಲು, ಮನೆಯಲ್ಲಿರುವ ಹಳೆಯ ಗಾಡಿಯ ಬ್ರೇಕನ್ನು ಬಿಚ್ಚಿ, ಶುದ್ಧಮಾಡಿ, ಮತ್ತೆ ಜೋಡಿಸಲು ಅವನಿಗೆ ಹೇಳಿರಿ. ಪಕ್ಕದಲ್ಲಿ ತಿಳಿದ ಮೇಸ್ತ್ರಿಯೊಬ್ಬನಿರಲಿ. ಆ ಕೆಲಸವನ್ನು ತಾಳ್ಮೆಯಿಂದ ಮುಗಿಸಿದ ಹುಡುಗನೊಡನೆ ಇಂಜಿನಿನ ಮಾತನ್ನು ಆಡಬಹುದು. ಅರ್ಧಕ್ಕೆ ಬಿಟ್ಟು ಎದ್ದವನಿಗೆ ಇನ್ನೂ ಒಂದೆರಡು ವರ್ಷ ಕಾಯಲು ಹೇಳಿರಿ.